ಎಷ್ಟು ಕುಡೀತೀನಿ ಅಂತ ನಿಜ ಹೇಳಿದ ರಾತ್ರಿ: ನನ್ನ ಡಿಟಾಕ್ಸ್ ಅನುಭವ

ಕುಡಿಯೋದು ಬಿಡ್ಬೇಕು ಅಂತ ಮೊದಲ ಸಲ ತೀರ್ಮಾನ ಮಾಡಿದಾಗ ನಾನು ಯಾರನ್ನೂ ಕೇಳ್ಲಿಲ್ಲ, ಮನೇಲಿದ್ದ ಬಾಟ್ಲಿನೆಲ್ಲ ಸಿಂಕಿಗೆ ಸುರಿದು ನಾಳೆಯಿಂದ ಒಂದು ಹನಿನೂ ಮುಟ್ಟಲ್ಲ ಅಂತ ಹೆಂಡ್ತಿಗೆ ಮಾತು ಕೊಟ್ಟೆ. ಅವಳು ಖುಷಿಗೆ ಅತ್ತೇಬಿಟ್ಲು. ಹನ್ನೊಂದು ವರ್ಷದ ಕುಡಿತ ನಂದು, ಅದ್ರಲ್ಲಿ ಕೊನೇ ನಾಲ್ಕು ವರ್ಷ ದಿನಾ. ಮಾರನೇ ದಿನ ಬೆಳಿಗ್ಗೆನೇ ಕೈ ನಡುಗೋಕೆ ಶುರುವಾಯ್ತು, ಮಧ್ಯಾಹ್ನದ ಹೊತ್ತಿಗೆ ಬನಿಯನ್ ಪೂರ್ತಿ ಒದ್ದೆ, ಎದೆ ಡವಡವ, ರಾತ್ರಿ ಒಂದು ನಿಮಿಷ ಕಣ್ಣು ಮುಚ್ಚೋಕೆ ಆಗ್ಲಿಲ್ಲ. ತಡ್ಕೊಂಡ್ರೆ ಸರಿಹೋಗುತ್ತೆ, ಮನಸ್ಸು ಗಟ್ಟಿ ಮಾಡ್ಕೋಬೇಕು ಅಷ್ಟೇ ಅಂದ್ಕೊಂಡೆ. ಅದರ ಮಾರನೇ ದಿನ ಬೆಳಿಗ್ಗೆ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದೆ. ಬಿದ್ದಿದ್ದು ನಂಗೆ ನೆನಪಿಲ್ಲ, ನೆನಪಿರೋದು ಎಮರ್ಜೆನ್ಸಿಯ ಲೈಟು ಮತ್ತೆ ಬಾಯಲ್ಲಿ ರಕ್ತದ ರುಚಿ, ನಾಲಿಗೆ ಕಚ್ಕೊಂಡಿದ್ದೆ.

ಅಲ್ಲಿದ್ದ ಡಾಕ್ಟ್ರು, "ಬಿಡ್ಬೇಕು ಅಂದ್ಕೊಂಡಿದ್ದು ಸರಿ, ಆದ್ರೆ ಬಿಟ್ಟ ರೀತಿ ಇದ್ಯಲ್ಲ, ಅದು ಜೀವ ತೆಗೆಯುತ್ತೆ" ಅಂದ್ರು. ಎಷ್ಟೋ ಚಟಗಳನ್ನ ಒಂದೇ ಏಟಿಗೆ ಬಿಟ್ರೆ ಒದ್ದಾಟ ಇರುತ್ತೆ ಆದ್ರೆ ಜೀವಕ್ಕೆ ಅಪಾಯ ಇರಲ್ಲ, ಹೆಂಡ ಹಾಗಲ್ಲ ಅಂತ ನಂಗೆ ಗೊತ್ತಾಗಿದ್ದೇ ಆವತ್ತು. ಅವರು ಹೇಳಿದ್ದು ನಂಗೆ ಅರ್ಥ ಆಗಿದ್ದು ಹೀಗೆ. ಬಾಗಿಲನ್ನ ಒಬ್ಬ ಆಚೆಯಿಂದ ವರ್ಷಗಟ್ಟಲೆ ದಬ್ಬುತ್ತಾ ಇದ್ದಾನೆ, ಅದು ತೆರ್ಕೊಳ್ದೇ ಇರ್ಲಿ ಅಂತ ನಾವು ಈಚೆಯಿಂದ ಅಷ್ಟೇ ಜೋರಾಗಿ ದಬ್ತಾ ಇದೀವಿ, ಒಂದಿನ ಅವನು ಸಡನ್ನಾಗಿ ಪಕ್ಕಕ್ಕೆ ಸರಿದ್ರೆ ನಾವು ಮುಗ್ಗರಿಸಿ ಬೀಳ್ತೀವಿ. ಆಲ್ಕೋಹಾಲು ಮೆದುಳಿನಲ್ಲಿ ಶಾಂತ ಮಾಡೋ ಗಾಬಾ ಅನ್ನೋ ರಾಸಾಯನಿಕದ ಕೆಲಸಾನ ಜಾಸ್ತಿ ಮಾಡುತ್ತೆ, ಅದನ್ನ ಸರಿದೂಗಿಸೋಕೆ ಮೆದುಳು ಉದ್ರೇಕ ಮಾಡೋ ಗ್ಲುಟಮೇಟ್ ಕಡೆಯ ಜೋರು ಏರಿಸ್ಕೊಂಡಿರುತ್ತೆ. ಕುಡಿತ ನಿಂತ ದಿನ ಆ ಜೋರು ಹಾಗೇ ಉಳಿದಿರುತ್ತೆ. ನಡುಕ, ಬೆವರು, ಫಿಟ್ಸ್ ಎಲ್ಲ ಅದೇ. ಅಂದ್ರೆ ನನ್ನ ಮನಸ್ಸಿನ ಗಟ್ಟಿತನಕ್ಕೂ ಆ ಫಿಟ್ಸಿಗೂ ಸಂಬಂಧನೇ ಇರ್ಲಿಲ್ಲ.

ಇಷ್ಟು ಆದ್ಮೇಲೂ ಆಸ್ಪತ್ರೆಯಿಂದ ಬಂದು ಮೂರು ವಾರಕ್ಕೆ ಮತ್ತೆ ಕುಡಿದೆ. ಎಂಟು ತಿಂಗಳು ಹಾಗೇ ಹೋಯ್ತು. ಎರಡನೇ ಸಲ ನಾನಾಗೇ ಹೋಗಿ ಡಿಟಾಕ್ಸಿಗೆ, ಅಂದ್ರೆ ಡಾಕ್ಟ್ರ ಕಣ್ಗಾವಲಲ್ಲಿ ಕುಡಿತ ನಿಲ್ಲಿಸೋಕೆ, ಅಡ್ಮಿಟ್ ಆದೆ, ಇದನ್ನ ಬರೀತಿರೋದು ಆ ಸಲದ ಬಗ್ಗೆ.

ಅಡ್ಮಿಷನ್ ಹೊತ್ತಲ್ಲಿ ಡಾಕ್ಟ್ರು ದಿನಕ್ಕೆ ಎಷ್ಟು ಕುಡೀತೀರಾ ಅಂದ್ರು. "ಮೂರು ನಾಲ್ಕು ಪೆಗ್ಗು ಸರ್" ಅಂದೆ. ಪಕ್ಕದಲ್ಲಿ ಕೂತಿದ್ದ ಹೆಂಡ್ತಿ ತಲೆ ತಗ್ಗಿಸಿದ್ಲು, ಒಂದು ಮಾತೂ ಆಡ್ಲಿಲ್ಲ. ರಾತ್ರಿ ಅವಳು ಮನೆಗೆ ಹೋದ್ಮೇಲೆ ಡ್ಯೂಟಿ ಸಿಸ್ಟರ್ ಬಂದು ಬಿಪಿ ನೋಡಿ ಮತ್ತೆ ಅದೇ ಪ್ರಶ್ನೆ ಕೇಳಿದ್ರು. "ನೋಡಿ ಸರ್, ನಾನೇನೂ ಬೈಯಲ್ಲ. ನೀವು ಕಮ್ಮಿ ಹೇಳಿದ್ರೆ ನಮ್ಮ ಮಾತ್ರೆ ಲೆಕ್ಕ ತಪ್ಪುತ್ತೆ, ಲೆಕ್ಕ ತಪ್ಪಿದ್ರೆ ನಿಮ್ಗೇ ತೊಂದ್ರೆ." ಅವರ ದನಿಯಲ್ಲಿ ಏನಿತ್ತೋ ಗೊತ್ತಿಲ್ಲ, ಹೇಳ್ಬಿಟ್ಟೆ. ದಿನಕ್ಕೆ ಒಂದು 750 ಎಂಎಲ್ ಬಾಟ್ಲಿಯಲ್ಲಿ ಮುಕ್ಕಾಲು ಭಾಗ ವಿಸ್ಕಿ, ಮೊದಲನೇದು ಬೆಳಿಗ್ಗೆ ಐದಕ್ಕೆ ಯಾಕಂದ್ರೆ ಅದಿಲ್ದೆ ಬ್ರಷ್ ಹಿಡಿಯೋಕೆ ಆಗಲ್ಲ, ಹೋದ್ಸಲ ಬಿಟ್ಟಾಗ ಫಿಟ್ಸ್ ಬಂದಿತ್ತು, ಇವತ್ತು ಕೊನೇದು ಕುಡಿದಿದ್ದು ಇಲ್ಲಿಗೆ ಬರೋ ಮುಂಚೆ ಹನ್ನೊಂದು ಗಂಟೆಗೆ, ಕಾರಲ್ಲಿ. ಅವರು ಎಲ್ಲಾನೂ ಬರ್ಕೊಂಡ್ರು, ಫಿಟ್ಸ್ ಅಂದಿದ್ದಕ್ಕೆ ಮಾತ್ರ ತಲೆ ಎತ್ತಿ ನೋಡಿದ್ರು, ಆಮೇಲೆ ಹೊರಗೆ ಹೋಗಿ ಡಾಕ್ಟ್ರಿಗೆ ಫೋನ್ ಮಾಡಿದ್ರು. ಅರ್ಧ ಗಂಟೇಲಿ ನನ್ನ ಡೋಸ್ ಬದಲಾಯ್ತು.

ಆ ಎರಡು ಉತ್ತರ, ಅಂದ್ರೆ ಹೋದ್ಸಲದ ಫಿಟ್ಸು ಮತ್ತೆ ಕೊನೇ ಗುಟುಕಿನ ಟೈಮು, ಯಾಕೆ ಅಷ್ಟು ಮುಖ್ಯ ಅಂತ ಆಮೇಲೆ ತಿಳೀತು. ಕೊನೇದು ಕುಡಿದು ಸುಮಾರು 6ರಿಂದ 8 ಗಂಟೆಗೆ ನಡುಕ ಶುರು, ಫಿಟ್ಸ್ ಬರೋದಾದ್ರೆ ಹೆಚ್ಚಾಗಿ 12ರಿಂದ 48 ಗಂಟೆ ಒಳಗೆ, ತಲೆ ಪೂರ್ತಿ ಗೊಂದಲ ಆಗಿ ಇಲ್ಲದ್ದೆಲ್ಲ ಕಾಣೋ ಡೆಲಿರಿಯಂ ಟ್ರೆಮೆನ್ಸ್ ಅನ್ನೋ ಅತೀ ಕೆಟ್ಟ ಸ್ಥಿತಿ ಬಂದ್ರೆ 48ರಿಂದ 96 ಗಂಟೆ ಹೊತ್ತಿಗೆ. ಅಂದ್ರೆ ಮೊದಲ ದಿನ ಚೆನ್ನಾಗಿದೀನಿ ಅಂತ ಎದ್ದು ಮನೆಗೆ ಹೋಗೋನು ಮೂರನೇ ದಿನ ಸಿಕ್ಕಾಕೊಳ್ತಾನೆ. ಮತ್ತೆ ಬಿಟ್ಟು ಹಿಡಿದು ಬಿಟ್ಟು ಹಿಡಿದು ಮಾಡಿದಷ್ಟೂ ಪ್ರತೀ ಸಲದ ವಿತ್‌ಡ್ರಾಯಲ್, ಅಂದ್ರೆ ಕುಡಿತ ನಿಂತಾಗಿನ ಒದ್ದಾಟ, ಹಿಂದಿನದಕ್ಕಿಂತ ಜೋರಾಗಬಹುದು, ಒಂದ್ಸಲ ಫಿಟ್ಸ್ ಬಂದವನಿಗೆ ಮತ್ತೆ ಬರೋ ಸಾಧ್ಯತೆ ಜಾಸ್ತಿ.

ಗ್ಲೂಕೋಸ್ ಡ್ರಿಪ್ ಹಾಕೋಕೆ ಮುಂಚೆ ಥಯಾಮಿನ್, ಅಂದ್ರೆ ಬಿ1 ವಿಟಮಿನ್, ಇಂಜೆಕ್ಷನ್ ಕೊಟ್ರು. ದಿನಾ ಕುಡಿಯೋರಲ್ಲಿ ಈ ಬಿ1 ಖಾಲಿ ಆಗಿರುತ್ತೆ, ಅದು ತೀರಾ ಕಮ್ಮಿಯಾದ್ರೆ ಕಣ್ಣು ಓಡಾಡೋದು ತಪ್ಪುತ್ತೆ, ನಡಿಗೆ ಓಲಾಡುತ್ತೆ, ತಲೆ ಗೊಂದಲ ಆಗುತ್ತೆ, ಆಗ್ಲೂ ಬಿಟ್ರೆ ನೆನಪಿನ ಶಕ್ತಿ ವಾಪಸ್ ಬರ್ದೇ ಇರೋ ಹಾಗೆ ಹೋಗಬಹುದು. ಇದು ಅಗ್ಗದ ಇಂಜೆಕ್ಷನ್ನು, ಹೊತ್ತಿಗೆ ಸರಿಯಾಗಿ ಕೊಟ್ರೆ ಒಬ್ಬ ಮನುಷ್ಯನ ನೆನಪು ಉಳಿಯುತ್ತೆ.

ಆಮೇಲೆ ಸೀವಾ ಸ್ಕೋರ್, ಅಂದ್ರೆ ವಿತ್‌ಡ್ರಾಯಲ್ ಎಷ್ಟು ಜೋರಿದೆ ಅಂತ ಅಳೆಯೋ ಲೆಕ್ಕ. ಕೆಲವು ಗಂಟೆಗೊಂದ್ಸಲ ಸಿಸ್ಟರ್ ಬಂದು ಹತ್ತು ವಿಷಯ ನೋಡ್ತಿದ್ರು: ವಾಕರಿಕೆ, ನಡುಕ, ಬೆವರು, ಗಾಬರಿ, ಚಡಪಡಿಕೆ, ಚರ್ಮದ ಮೇಲೆ ಏನಾದ್ರೂ ಹರಿದಂಗೆ ಆಗ್ತಿದ್ಯಾ, ಶಬ್ದ ಹೆದ್ರಿಸ್ತಿದ್ಯಾ, ಬೆಳಕು ಚುಚ್ಚುತ್ತಾ, ತಲೆ ಬಿಗಿದಿದ್ಯಾ, ಇವತ್ತು ಯಾವ ವಾರ. ಒಟ್ಟು 67ಕ್ಕೆ. ಎರಡೂ ಕೈ ಮುಂದೆ ಚಾಚಿ ಬೆರಳು ಅಗಲಿಸಿ ಅಂತಾರೆ, ನೀವು ಎಷ್ಟೇ ಬಿಗಿ ಹಿಡಿದ್ರೂ ಬೆರಳ ತುದಿ ತನ್ನ ಪಾಡಿಗೆ ತಾನು ನಡುಗ್ತಾ ಇರುತ್ತೆ. ಆ ರಾತ್ರಿ ನಂದು 22 ಬಂತು. 20 ದಾಟಿದ್ರೆ ಅದನ್ನ ಜೋರು ಅಂತಾನೇ ಲೆಕ್ಕ ಹಿಡೀತಾರೆ. ಕೊಟ್ಟಿದ್ದು ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆ, ಆಲ್ಕೋಹಾಲು ಮೆದುಳಲ್ಲಿ ಮಾಡ್ತಿದ್ದ ಕೆಲಸಾನ ಇದು ಸ್ವಲ್ಪ ದಿನ ವಹಿಸ್ಕೊಂಡು ಆಮೇಲೆ ನಿಧಾನಕ್ಕೆ ಕೈಬಿಡುತ್ತೆ. ಪಕ್ಕದ ಬೆಡ್ಡಿನವರ ಲಿವರ್ ತುಂಬಾ ಹಾಳಾಗಿತ್ತು, ಅವರಿಗೆ ಲೋರಾಜೆಪಾಮ್, ಯಾಕಂದ್ರೆ ಅಂಥ ಲಿವರಿಗೂ ಅದನ್ನ ಕರಗಿಸೋದು ಸುಲಭ. ದಯವಿಟ್ಟು ಈ ಮಾತ್ರೆಗಳನ್ನ ಹೊರಗೆ ಹುಡುಕಿ ಮನೇಲಿ ನುಂಗಬೇಡಿ, ಹೆಂಡದ ಜೊತೆ ಸೇರಿದ್ರೆ ಉಸಿರೇ ನಿಲ್ಲಬಹುದು, ಮತ್ತೆ ಇವೂ ಅಭ್ಯಾಸ ಹಿಡಿಸೋ ಮಾತ್ರೆಗಳೇ.

ಎರಡನೇ ರಾತ್ರಿ ಬೆಡ್‌ಶೀಟ್ ಮೇಲೆ ಇರುವೆ ಸಾಲು ಕಾಣಿಸ್ತು. ಮಡಿಕೆ ಮಡಿಕೆಯಲ್ಲೂ ಇರುವೆ. ನಾನು ಒಂದೊಂದೇ ಹೆಕ್ಕಿ ಕೆಳಗೆ ಹಾಕ್ತಾ ಇದ್ದೆ, ಬೆರಳಿಗೆ ಏನೂ ಸಿಗ್ತಿರ್ಲಿಲ್ಲ, ಆದ್ರೂ ಹೆಕ್ತಾ ಇದ್ದೆ. ಸಿಸ್ಟರ್ ಬಂದು ಲೈಟ್ ಹಾಕಿ ಸ್ಟೂಲ್ ಎಳ್ಕೊಂಡು ಕೂತ್ರು. ಇರುವೆ ಇಲ್ಲ ಅಂತ ವಾದ ಮಾಡ್ಲಿಲ್ಲ, ಹೌದು ಇದೆ ಅಂತ ಸುಳ್ಳೂ ಹೇಳ್ಲಿಲ್ಲ. "ನಂಗೆ ಕಾಣ್ತಿಲ್ಲ ಸರ್, ನಿಮ್ಗೆ ಕಾಣ್ತಿದೆ ಅಂತ ಗೊತ್ತು. ಇದು ಹೋಗುತ್ತೆ, ಅಲ್ಲೀವರ್ಗೂ ನಾನಿಲ್ಲೇ ಇರ್ತೀನಿ." ಸ್ಕೋರ್ ನೋಡಿ ಇನ್ನೊಂದು ಡೋಸ್ ಕೊಟ್ರು. ಆ ಹೊತ್ತಲ್ಲಿ ಮನೇಲಿ ಇದ್ದಿದ್ರೆ ನನ್ನ ಹೆಂಡ್ತಿ ಒಬ್ಬಳೇ ಏನು ಮಾಡ್ಬೇಕಿತ್ತು ಅಂತ ಈಗ್ಲೂ ಯೋಚನೆ ಬರುತ್ತೆ.

ಐದನೇ ದಿನ ನಿದ್ದೆ ಬಂತು. ಎಂಟನೇ ದಿನಕ್ಕೆ ಮಾತ್ರೆ ಸೊನ್ನೆ. ನಾನು ಬ್ಯಾಗು ಜೋಡಿಸ್ತಿದ್ರೆ ಸೈಕಿಯಾಟ್ರಿಸ್ಟ್ ಬಂದು "ಡಿಟಾಕ್ಸ್ ಮುಗೀತು, ಟ್ರೀಟ್‌ಮೆಂಟ್ ಇವತ್ತಿಂದ" ಅಂದ್ರು. ನನಗೆ ಡೈಸಲ್ಫಿರಾಮ್ ಬೇಕಿತ್ತು, ಅದು ತಗೊಂಡು ಕುಡಿದ್ರೆ ಮುಖ ಕೆಂಪಾಗಿ ವಾಂತಿ ಆಗಿ ಎದೆ ಹೊಡ್ಕೊಳ್ಳುತ್ತೆ, ಆ ಭಯಕ್ಕಾದ್ರೂ ಬಿಡ್ತೀನಿ ಅಂತ. ನನ್ನ ಲಿವರ್ ರಿಪೋರ್ಟಿಗೆ ಅದು ಬೇಡ ಅಂದ್ರು, ಕುಡಿಯೋ ಆಸೆ ಕಮ್ಮಿ ಮಾಡೋ ನಾಲ್ಟ್ರೆಕ್ಸೋನ್ ಕೂಡ ಸದ್ಯಕ್ಕೆ ಬೇಡ ಅಂದ್ರು. ಕಿಡ್ನಿ ಟೆಸ್ಟ್ ನೋಡಿ, ಕುಡಿಯದೇ ಇರೋಕೆ ನೆರವಾಗೋ ಅಕಾಂಪ್ರೋಸೇಟ್ ಅನ್ನೋ ಮಾತ್ರೆ ಬರೆದ್ರು, 333 ಎಂಜಿದು ಎರಡೆರಡು, ದಿನಕ್ಕೆ ಮೂರು ಸಲ. ಮನೆಯವರಿಗೆ ಒಂದು ಮಾತು ಇಲ್ಲೇ ಹೇಳ್ತೀನಿ, ಡೈಸಲ್ಫಿರಾಮನ್ನ ಊಟದಲ್ಲಿ ಗುಟ್ಟಾಗಿ ಬೆರೆಸಿ ಕೊಡೋ ಯೋಚನೆ ದಯವಿಟ್ಟು ಬೇಡ, ಗೊತ್ತಿಲ್ದೆ ಅದರ ಮೇಲೆ ಕುಡಿದ ಮನುಷ್ಯ ಸಾಯಬಹುದು.

ಆಮೇಲಿನ ತಿಂಗಳುಗಳೇ ಕಷ್ಟ. ನಿದ್ದೆ ಅರ್ಧಂಬರ್ಧ, ಯಾವುದ್ರಲ್ಲೂ ರುಚಿ ಇಲ್ಲ, ಸಣ್ಣ ಮಾತಿಗೂ ಸಿಟ್ಟು. ಸಂಜೆ ಏಳಕ್ಕೆ ಆಸೆ ಎದ್ದು ಬರೋದು. ಕೌನ್ಸೆಲರ್ ಹೇಳ್ಕೊಟ್ಟಿದ್ದು, ಅದ್ರ ಜೊತೆ ಗುದ್ದಾಡ್ಬೇಡಿ, ಗಡಿಯಾರ ನೋಡಿ, ಏರುತ್ತೆ ಇಳಿಯುತ್ತೆ ಅಂತ. ನಂದು ಹೆಚ್ಚಂದ್ರೆ ಇಪ್ಪತ್ತು ನಿಮಿಷ ಇರ್ತಿತ್ತು, ಆ ಇಪ್ಪತ್ತು ನಿಮಿಷ ಅಣ್ಣನಿಗೆ ಫೋನ್ ಮಾಡ್ತಿದ್ದೆ. ಕುಡಿತ ಬಿಡೋಕೆ ಒಬ್ರಿಗೊಬ್ರು ನೆರವಾಗೋ ಆಲ್ಕೋಹಾಲಿಕ್ಸ್ ಅನಾನಿಮಸ್ ಅನ್ನೋ ಗುಂಪಿನ ಮೀಟಿಂಗಿಗೂ ಹೋದೆ. ಅದು 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾಗಿದ್ದೇ ಇಬ್ಬರು ಕುಡುಕರು ಕೂತು ಮಾತಾಡಿದ್ರಿಂದ. ದೇವರ ಮಾತು ಬರುತ್ತೆ, ಎಲ್ರಿಗೂ ಒಗ್ಗಲ್ಲ, ನನಗೆ ಒಗ್ಗಿದ್ದು ಅಲ್ಲಿ ಯಾರೂ ಎಷ್ಟು ಕುಡೀತಿದ್ದೆ ಅಂತ ಕಮ್ಮಿ ಮಾಡಿ ಹೇಳಲ್ಲ ಅನ್ನೋದು.

ಐದನೇ ತಿಂಗಳಲ್ಲಿ ಕೆಲಸದ ಮೇಲೆ ಹೊರಗೆ ಹೋದಾಗ ಹೋಟೆಲ್ ರೂಮಲ್ಲಿ ಒಬ್ಬನೇ ಎರಡು ದಿನ ಕುಡಿದೆ. ಮೂರನೇ ದಿನ ಬೆಳಿಗ್ಗೆ ಹೆಂಡ್ತಿಗೆ ಫೋನ್ ಮಾಡಿ ಹೇಳಿದೆ. ಅವಳು ಸುಮಾರು ಹೊತ್ತು ಸುಮ್ನಿದ್ದು, "ಎಷ್ಟು ರೀ?" ಅಂದ್ಲು. "ಎರಡು ದಿನಕ್ಕೆ ಒಂದು ಬಾಟ್ಲಿ, ಕೊನೇದು ರಾತ್ರಿ ಹತ್ತಕ್ಕೆ" ಅಂದೆ. ಅವಳೇ ಅಪಾಯಿಂಟ್‌ಮೆಂಟ್ ಮಾಡಿದ್ಲು. ಮಧ್ಯಾಹ್ನ ಹೋಗಿ ಡಾಕ್ಟ್ರ ಮುಂದೆ ಕೂತು ಅವರು ಕೇಳೋ ಮುಂಚೆನೇ ಅದನ್ನೇ ಹೇಳಿದೆ. ಅವರು ಬರ್ಕೊಂಡು, ಪೆನ್ನು ಕೆಳಗಿಟ್ಟು, "ಕೈ ಚಾಚಿ ನೋಡೋಣ" ಅಂದ್ರು.