ಪಂದ್ಯದ ಅತಿ ಬಿರುಸಿನ ನಿಮಿಷವನ್ನು ಲೆಕ್ಕ ಹಾಕುವುದು ಹೇಗೆ?

ವೃತ್ತಿಪರ ಫುಟ್‌ಬಾಲ್ ಆಟಗಾರ ಒಂದು ಪಂದ್ಯದಲ್ಲಿ ಸುಮಾರು 10ರಿಂದ 12 ಕಿ.ಮೀ. ಓಡುತ್ತಾನೆ. ಸರಾಸರಿ ನಿಮಿಷಕ್ಕೆ 110–130 ಮೀಟರ್. ಅಭ್ಯಾಸದಲ್ಲಿ ಇಷ್ಟನ್ನೇ ಓಡಿಸಿದರೆ ಪಂದ್ಯದ ಬಿರುಸಿನ ಗಳಿಗೆಯಲ್ಲಿ ಆತ ಏದುಸಿರು ಬಿಡುತ್ತಾನೆ. ಏಕೆಂದರೆ ಆ ಒಂದು ನಿಮಿಷದ ಓಟ 180–200 ಮೀಟರ್‌ವರೆಗೂ ಹೋಗುತ್ತದೆ.

ಲೆಕ್ಕ ಕಷ್ಟದ್ದಲ್ಲ. ಸೆಕೆಂಡಿಗೆ 10 ಸಲ ವೇಗ ದಾಖಲಿಸುವ ಜಿಪಿಎಸ್ ಸಾಧನದ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯಿರಿ. ವೇಗ ಗಂಟೆಗೆ ಕಿ.ಮೀ.ನಲ್ಲಿದ್ದರೆ 3.6ರಿಂದ ಭಾಗಿಸಿ, ಎಡವಟ್ಟು ಹೆಚ್ಚಾಗುವುದು ಇಲ್ಲೇ. ಸೆಕೆಂಡಿಗೆ 11 ಮೀಟರ್ ದಾಟಿದ ಅಂಕಿಗಳನ್ನು ಅನುಮಾನಿಸಿ, ಗ್ಯಾಲರಿಯ ಚಾವಣಿ ಸಿಗ್ನಲ್‌ಗೆ ಅಡ್ಡ ಬಂದಿರಬಹುದು. ಪ್ರತಿ ಸಾಲಿನ ವೇಗವನ್ನು 0.1ರಿಂದ ಗುಣಿಸಿದರೆ ದೂರ ಸಿಗುತ್ತದೆ. ಈಗ ಮೊದಲ 600 ಸಾಲು, ಅಂದರೆ ಒಂದು ನಿಮಿಷದ ದೂರ ಕೂಡಿಸಿ, ಒಂದೊಂದೇ ಸಾಲು ಕೆಳಗಿಳಿಸುತ್ತಾ ಕೊನೆಯವರೆಗೆ ಹೋಗಿ. ಸಿಕ್ಕ ಮೊತ್ತಗಳಲ್ಲಿ ದೊಡ್ಡದೇ ಆ ಆಟಗಾರನ ಗರಿಷ್ಠ ನಿಮಿಷ. ಐದು ನಿಮಿಷಕ್ಕಾದರೆ 3000 ಸಾಲು. ಎರಡು ಅರ್ಧಗಳನ್ನು ಬೇರೆ ಬೇರೆಯಾಗಿಯೇ ಲೆಕ್ಕ ಹಾಕಿ.

ಗಡಿಯಾರದ ನಿಮಿಷಗಳನ್ನೇ ಹಿಡಿದು ಕತ್ತರಿಸಿದರೆ ಏನಾಗುತ್ತದೆ ನೋಡಿ. ಪಂದ್ಯದ 22 ನಿಮಿಷ 30 ಸೆಕೆಂಡಿನಿಂದ 23 ನಿಮಿಷ 30 ಸೆಕೆಂಡಿನವರೆಗೆ ಮಿಡ್‌ಫೀಲ್ಡರ್ 190 ಮೀಟರ್ ಓಡಿದ ಎನ್ನೋಣ. ಅದು ಎರಡು ತುಂಡಾಗಿ 95 ಮೀಟರ್ ಆ ನಿಮಿಷಕ್ಕೆ, 95 ಈ ನಿಮಿಷಕ್ಕೆ. ಆ ಎರಡೂ ನಿಮಿಷಗಳ ಉಳಿದ 30 ಸೆಕೆಂಡಿನಲ್ಲಿ ಆತ ತಲಾ 55 ಮೀಟರ್ ನಡೆದಾಡಿದ್ದರೆ ವರದಿಯಲ್ಲಿ ಕಾಣುವುದು 150 ಮಾತ್ರ. ಅಸಲಿ ಬಿರುಸು ಮಾಯ!

ದೂರದ ಗರಿಷ್ಠ ನಿಮಿಷವೇ ಸ್ಪ್ರಿಂಟ್‌ನ ಗರಿಷ್ಠ ನಿಮಿಷವೂ ಆಗಿರಬೇಕಿಲ್ಲ. ಗಂಟೆಗೆ 19.8 ಕಿ.ಮೀ. ಮೀರಿದ ಓಟ, 25.2 ಮೀರಿದ ಸ್ಪ್ರಿಂಟ್, ವೇಗ ಏರಿಸಿ ಇಳಿಸಿದ ಸಲಗಳು, ಎಲ್ಲವನ್ನೂ ಪ್ರತ್ಯೇಕವಾಗಿ ಹುಡುಕಿ. ಸ್ಪ್ರಿಂಟ್ ಅಂಕಿ ಪಂದ್ಯದಿಂದ ಪಂದ್ಯಕ್ಕೆ ಬಹಳ ಹೊಯ್ದಾಡುತ್ತದೆ, ಒಂದೇ ಪಂದ್ಯ ನೋಡಿ ಗುರಿ ಇಡಬೇಡಿ. ಗೋಲಿನ ಮುಂದೆ ಕಾಯುವ ಸೆಂಟರ್ ಬ್ಯಾಕ್‌ನ ಗುರಿಯನ್ನು ಮೈದಾನದ ಅಂಚಿನಲ್ಲಿ ಓಡುವ ವಿಂಗರ್‌ಗೆ ಅಂಟಿಸುವುದೂ ಬೇಡ.

ಇನ್ನು ಅಭ್ಯಾಸ. 30×20 ಮೀಟರ್ ಅಂಕಣದಲ್ಲಿ ನಾಲ್ವರ ವಿರುದ್ಧ ನಾಲ್ವರನ್ನು ಆಡಿಸಿದರೆ ತಲೆಗೆ 75 ಚದರ ಮೀಟರ್ ಜಾಗ. ನಿಲ್ಲುವುದು, ತಿರುಗುವುದು ಧಾರಾಳ. ಸ್ಪ್ರಿಂಟ್ ಹೊಡೆಯಲು ಮಾತ್ರ ಜಾಗವೇ ಸಾಲದು. 105×68ರ ಪೂರ್ಣ ಮೈದಾನದಲ್ಲಿ ತಲೆಗೆ ಸುಮಾರು 325 ಚದರ ಮೀಟರ್ ಸಿಗುತ್ತದೆ. ಹಾಗಾಗಿ ಚಿಕ್ಕ ಅಂಕಣದ ಆಟ ಮುಗಿದ ಮೇಲೆ 30–40 ಮೀಟರ್‌ನ ನೇರ ಓಟಗಳನ್ನು ಬೇರೆಯಾಗಿಯೇ ಇಡಿ, ನಡುವೆ ಪೂರ್ತಿ ವಿಶ್ರಾಂತಿ ಕೊಡಿ. ಬೆಂಚಿನಲ್ಲೇ ಕೂತು ಪಂದ್ಯ ಮುಗಿಸಿದವರಿಗೆ ಆ ವಾರ ಇಂಥ ಓಟ ಸಿಕ್ಕಿರುವುದೇ ಇಲ್ಲ. ಪಂದ್ಯ ಮುಗಿದ ಕೂಡಲೇ ಅಥವಾ ಮರುದಿನ ಅವರಿಗೆ ಆರೆಂಟು ಓಟ ಕೊಟ್ಟುಬಿಡಿ.