ಮೊದಲು ಟೇಪು, ಆಮೇಲೆ ಔಷಧಿ

ಕೊನೆಗೂ ಕೋರ್ಟು ನನ್ನ ಪಶುವೈದ್ಯಕೀಯ ವರದಿಯನ್ನು ಪೂರ್ತಿ ಒಪ್ಪಿತು. ಅದಕ್ಕೇ ಬರೆಯುತ್ತಿದ್ದೇನೆ. ನಿಯಮ ಮೀರಿ ತುಂಬಿದ ಲಾರಿಯಲ್ಲಿ ಸಿಕ್ಕ ದನಗಳ ಗಾಯಗಳ ಬಗ್ಗೆ ನಾನು ಒಂದೊಂದಕ್ಕೂ ಒಂದೊಂದು ಹಾಳೆ ಬರೆಯುತ್ತೇನೆ. ಹಾವೇರಿಯಲ್ಲಿ ಜೊತೆಯವರೇ ಕೇಳುತ್ತಿದ್ದರು, "ಐವತ್ ರೂಪಾಯಿ ದಂಡದ ಕೇಸಿಗೆ ಇಷ್ಟ್ಯಾಕ್ ಬರೀತೀರಿ ಡಾಕ್ಟ್ರ?" ಪ್ರಾಣಿ ಹಿಂಸೆ ತಡೆ ಕಾಯ್ದೆಯ (ಪಿಸಿಎ) 11ನೇ ಸೆಕ್ಷನ್‌ನಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ, ನಿಜ. ನನಗೆ ಬೇಕಾದದ್ದು ದಂಡ ಅಲ್ಲ. ದನ ಮತ್ತೆ ಅದೇ ಲಾರಿ ಹತ್ತಬಾರದು, ಅಷ್ಟೇ.

ಮೊದಲ ಕೇಸು ಸೋತೆ. ಒಂದೇ ಲಾರಿಯಲ್ಲಿ 14 ದನ. 1978ರ ಸಾಗಣೆ ನಿಯಮದ ಪ್ರಕಾರ 6 ದಾಟುವಂತಿಲ್ಲ. ಗೆದ್ದೇಬಿಟ್ಟೆ ಅಂದುಕೊಂಡು "ಎಲ್ಲ ದನಗಳಿಗೂ ಗಾಯಗಳಿವೆ" ಎಂದು ಒಂದೇ ಸಾಲು ಬರೆದಿದ್ದೆ. ಪಾಟೀಸವಾಲಿನಲ್ಲಿ ವಕೀಲರು ಕೇಳಿದರು: ಯಾವ ದನಕ್ಕೆ? ಎಲ್ಲಿ? ಹೊಸದೋ ಹಳೆಯದೋ? ನನ್ನ ಬಾಯಿ ಕಟ್ಟಿತು. ದನಗಳೆಲ್ಲ ಮಾಲೀಕನಿಗೆ ವಾಪಸ್. ಎರಡನೆಯ ಸಲ ಅವಸರದಲ್ಲಿ ನೀಲಿ ಔಷಧಿ ಬಳಿದು ಆಮೇಲೆ ಫೋಟೊ ತೆಗೆದೆ. ಫೋಟೊದಲ್ಲಿ ನೀಲಿ ಬಿಟ್ಟು ಬೇರೇನೂ ಕಾಣಲಿಲ್ಲ.

ಈಗ ರಕ್ತ ಸುರಿಯುತ್ತಿದ್ದರೆ ಮೊದಲು ಅದನ್ನು ನಿಲ್ಲಿಸುತ್ತೇನೆ. ಉಳಿದ ಗಾಯಕ್ಕೆ ಮೊದಲು ಅಳತೆ ಟೇಪು ಹಿಡಿದು ಫೋಟೊ, ಆಮೇಲೆ ಔಷಧಿ. ದನದ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿ ಅದೇ ಫೋಟೊದಲ್ಲಿ ಬರಬೇಕು. "ಬಿಳಿ ಎತ್ತು" ಅಂತ ಬರೆದರೆ ಆಯ್ತಾ, ಲಾರಿ ತುಂಬ ಬಿಳಿ ಎತ್ತೇ ಇರುತ್ತವಲ್ಲ! ಬಾಲವನ್ನು ಬುಡದಿಂದ ತುದಿವರೆಗೆ ಗೆಣ್ಣು ಗೆಣ್ಣಾಗಿ ಬೆರಳಲ್ಲಿ ಒತ್ತಿ ನೋಡುತ್ತೇನೆ. ತಿರುಚಿ ಮುರಿದಿದ್ದರೆ ಅಲ್ಲಿ ಕರಕರ ಅನ್ನುತ್ತದೆ, ದನ ಬೆನ್ನು ಕುಗ್ಗಿಸುತ್ತದೆ. ಗಾಯ ಎಷ್ಟು ಗಂಟೆ ಹಳೆಯದು ಎಂದು ಹೇಳಲು ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ವಕೀಲರೂ ಓದುತ್ತಾರೆ.

ಇದರ ನಡುವೆ ಗಾಡಿ ಎತ್ತುಗಳ ಹಿಂದೆಯೂ ಬಿದ್ದಿದ್ದೆ. ಭಾರ ಎಳೆಯುವ ಪ್ರಾಣಿಗಳ 1965ರ ನಿಯಮದಲ್ಲಿ ಗಾಡಿಗೆ ಹೇರು ಎಷ್ಟು ಅನ್ನೋದು ಎತ್ತಿನ ತೂಕದ ಮೇಲೆ ನಿಂತಿದೆ. ಎದೆ ಸುತ್ತಳತೆಯ ಸೂತ್ರದಿಂದ ತೂಕ ತೆಗೆದು, ಎಂಟು ಎತ್ತುಗಳನ್ನು ಲಾರಿ ತೂಗುವ ವೇಬ್ರಿಡ್ಜ್‌ಗೂ ಹತ್ತಿಸಿ ನೋಡಿದೆ. 15–20 ಕಿಲೋ ಹೆಚ್ಚುಕಡಿಮೆ ಬಂತು. 37 ಡಿಗ್ರಿ ದಾಟಿದರೆ ಮಧ್ಯಾಹ್ನ 12ರಿಂದ 3ರವರೆಗೆ ಎತ್ತು ಹೂಡಬಾರದು ಅಂತಲೂ ಅದರಲ್ಲೇ ಇದೆ. ಗದಗದ ಏಪ್ರಿಲ್ ಬಿಸಿಲಲ್ಲಿ ಇದನ್ನು ರೈತರಿಗೆ ಹೇಳಿದೆ. ಅರ್ಧ ಜನ ಒಪ್ಪಿದರು.

ಇನ್ನು ದುಡ್ಡು. ಕೋರ್ಟಿಗೆ ಏಳೆಂಟು ಸಲ ಓಡಾಡಿದೆ. ಪೆಟ್ರೋಲು, ಪ್ರಿಂಟು ಸೇರಿ ಮೂರು ಸಾವಿರ ನನ್ನ ಜೇಬಿನಿಂದಲೇ ಹೋಯಿತು. ಆದರೆ 2017ರ ನಿಯಮ ನಮ್ಮ ಕೈಯಲ್ಲಿದೆ. ಜಪ್ತಿಯಾದ ದನದ ಖರ್ಚನ್ನು ಕೋರ್ಟು ಪಶುವೈದ್ಯರ ಲೆಕ್ಕ ನೋಡಿ ಗೊತ್ತು ಮಾಡುತ್ತದೆ, ಮಾಲೀಕ ಬಾಂಡ್ ಬರೆದುಕೊಡಬೇಕು. ಈ ಸಲ 11 ದನ. ಕಣಕಿ, ಹಿಂಡಿ, ಔಷಧಿ ಸೇರಿ ದಿನಕ್ಕೆ ಒಂದಕ್ಕೆ 150ರಂತೆ ಎರಡು ತಿಂಗಳಿಗೆ ಲೆಕ್ಕ ಕೊಟ್ಟೆ. ಸುಮಾರು ಲಕ್ಷ ರೂಪಾಯಿ. ಒಂದು ಪೈಸೆ ಕಡಿತ ಆಗಲಿಲ್ಲ.

"ಮೇವಿಗೆ ಯಾರ್ ಕೊಡ್ತಾರ್ರೀ?" ಅಂತ ಗೇಟು ಹಾಕುತ್ತಿದ್ದ ಗೋಶಾಲೆಯವರು ಮೊನ್ನೆ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೂ ಬಂದು ದನ ಇಳಿಸಿಕೊಂಡರು.