ಹಜ್‌ಗೆ ಹೊರಟಿದ್ದೀರಾ? ತೊಡೆ, ಪಾದ ಮರೀಬೇಡಿ

ವಿಜಯಪುರದ ಮೇ ತಿಂಗಳ ಬಿಸಿಲು ಕಂಡವರಿಗೆ ಮಕ್ಕಾದ ಬಿಸಿಲೇನು ಮಹಾ ಅನ್ನಿಸಬಹುದು. 2024ರ ಹಜ್ ವೇಳೆ ಅಲ್ಲಿ 51.8 ಡಿಗ್ರಿ ಮುಟ್ಟಿತ್ತು. ಆ ಬಿಸಿಲಿನ ಮೇಲೆ ದಿನಕ್ಕೆ ಹಲವು ಕಿಲೋಮೀಟರ್ ನಡಿಗೆ. ಸಫಾ–ಮರ್ವಾ ಎಂಬ ಎರಡು ಗುಡ್ಡಗಳ ನಡುವಿನ ಏಳು ಸುತ್ತೇ ಮೂರು ಕಿಲೋಮೀಟರ್ ದಾಟುತ್ತದೆ.

ತಯಾರಿ ಒಂದು ತಿಂಗಳು ಮೊದಲೇ ಶುರುವಾಗಲಿ. ತೊಡೆಸಂದಿಯಲ್ಲಿ, ಬೆರಳ ಸಂದಿನಲ್ಲಿ ತುರಿಕೆ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಅಂಗಡಿಯಲ್ಲಿ ಸುಮ್ನೆ ಕೇಳಿ ತರುವ ಹಲವು ಮಿಕ್ಸ್ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದಾಗ ತುರಿಕೆ ತಗ್ಗುತ್ತದೆ, ಹುಳುಕಡ್ಡಿ ಮಾತ್ರ ಒಳಗೊಳಗೇ ಹರಡುತ್ತದೆ. ಚಪ್ಪಲಿಯನ್ನೂ ಈಗಲೇ ಕೊಳ್ಳಿ. ಸಂಜೆ ಗೋಳಗುಮ್ಮಟದ ಕಡೆ ಅದನ್ನೇ ಹಾಕಿಕೊಂಡು ನಡೆದು ಪಳಗಿಸಿ. ಹೊಸ ಚಪ್ಪಲಿ ಎಂದರೆ ಬೊಬ್ಬೆ ಗ್ಯಾರಂಟಿ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ವಿಷಯ. ಇಹ್ರಾಮ್‌ನಲ್ಲಿ, ಅಂದರೆ ಹಜ್‌ಗಾಗಿ ಹೊಲಿಗೆಯಿಲ್ಲದ ಬಟ್ಟೆ ಉಟ್ಟು ನಿಯಮ ಪಾಲಿಸುವಾಗ, ಗಂಡಸರು ಹೊಲಿದ ಒಳಉಡುಪು ಹಾಕುವಂತಿಲ್ಲ. ಬೆವರಿದ ತೊಡೆಗಳು ಒಂದಕ್ಕೊಂದು ಉಜ್ಜಿ ಚರ್ಮ ಕಿತ್ತು ಬರುತ್ತದೆ, ಆಮೇಲೆ ಹೆಜ್ಜೆ ಇಡುವುದೂ ಕಷ್ಟ. ನಾಚಿಕೆ ಬಿಡಿ. ನಡೆಯುವ ಮೊದಲೇ ವ್ಯಾಸಲಿನ್ ದಪ್ಪಗೆ ಹಚ್ಚಿ, ಗಂಟೆಗಳ ನಡಿಗೆ ಇದ್ದರೆ ಮತ್ತೆ ಹಚ್ಚಿ. ಇಹ್ರಾಮ್‌ನಲ್ಲಿ ಸುವಾಸನೆ ಕೂಡದು. ಹಾಗಾಗಿ ವ್ಯಾಸಲಿನ್, ಸೋಪು, ಸನ್‌ಸ್ಕ್ರೀನ್ ಎಲ್ಲ ವಾಸನೆ ಇಲ್ಲದವೇ ಬೇಕು, ಊರಿಂದಲೇ ಒಯ್ಯಿರಿ. ಅನುಮಾನವಿದ್ದರೆ ನಿಮ್ಮ ಮೌಲಾನಾರನ್ನು ಕೇಳಿ. ಸ್ನಾನವಾದ ಮೇಲೆ ಸಂದುಗಳನ್ನು ಒತ್ತಿ ಒರೆಸಿ, ಒಣಗಲು ಬಿಡಿ. ಬೆವರುಸಾಲೆಗೂ ಇದೇ ಮದ್ದು: ತಣ್ಣೀರು, ಗಾಳಿ, ಒಣ ಬಟ್ಟೆ.

ಗಂಡಸರು ಟೊಪ್ಪಿಗೆ ಹಾಕುವಂತಿಲ್ಲ, ಆದರೆ ಕೊಡೆ ಹಿಡಿಯಬಹುದು.

ಪಾದದ ಕಥೆ ಬೇರೆ. ಕಾಬಾ ಸುತ್ತಲಿನ ಬಿಳಿ ಅಮೃತಶಿಲೆ ಬಿಸಿಲಲ್ಲೂ ತಣ್ಣಗಿರುತ್ತದೆ, ಹೊರಗಿನ ಡಾಂಬರು ಹಾಗಿಲ್ಲ. ಮಸೀದಿ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಆ ಜನಜಂಗುಳಿಯಲ್ಲಿ ಮತ್ತೆ ಸಿಗುತ್ತದಾ? ಬರಿಗಾಲಲ್ಲಿ ರೂಮಿಗೆ ಹೊರಟರೆ ಅಂಗಾಲು ಸುಡುತ್ತದೆ. ಚಪ್ಪಲಿಯನ್ನು ಬಟ್ಟೆಚೀಲದಲ್ಲಿಟ್ಟು ಜೊತೆಗೇ ಒಯ್ಯಿರಿ. ಸಕ್ಕರೆ ಕಾಯಿಲೆಯವರ ಕಾಲು ಜೋಮು ಹಿಡಿದಿದ್ದರೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ದಿನಾ ರಾತ್ರಿ ಜೊತೆಗಿರುವವರಿಗೆ ಅಂಗಾಲು ತೋರಿಸಿ. ಬೊಬ್ಬೆ ಒಡೆಯಬೇಡಿ. ಕೀವು, ಜ್ವರ ಕಂಡರೆ ಅಲ್ಲಿನ ಭಾರತೀಯ ಹಜ್ ಡಿಸ್ಪೆನ್ಸರಿಗೆ ಹೋಗಿ.

ಕೊನೆಗೆ ತಲೆ ಬೋಳಿಸುವುದು. ಒಬ್ಬರ ಬ್ಲೇಡ್ ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಸಿ ಅಂಟಬಹುದು. ಲೈಸೆನ್ಸ್ ಇರುವ ಕ್ಷೌರದಂಗಡಿಗೇ ಹೋಗಿ. ಹೊಸ ಬ್ಲೇಡಿನ ಕಾಗದವನ್ನು ನಿಮ್ಮೆದುರೇ ಬಿಚ್ಚಲಿ. ಇಲ್ಲವಾದರೆ ಎದ್ದು ಬೇರೆ ಅಂಗಡಿ ನೋಡಿ.